ಪೂಜೆ ಆದ ಮೇಲೆ, ಚಹಾಕ್ಕೆ ಮೊದಲು

ಬಳಗಾನೂರಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಶಾ ಕಾರ್ಯಕರ್ತೆ ಆದಮ್ಮ ಆಗಲೇ ವೀರಭದ್ರಮ್ಮನವರ ಪಡಸಾಲೆಯಲ್ಲಿ ಕುಳಿತಿದ್ದಾರೆ. ಆ ಮನೆಯ ಸೊಸೆ ರಾಜಶ್ರೀ ಆರು ತಿಂಗಳ ಬಸುರಿ. ಲಿಂಗಪೂಜೆ ಮುಗಿಸಿ ಬಂದು ಬರೀ ನೀರಿನಲ್ಲಿ ಥೈರಾಯ್ಡ್ ಗುಳಿಗೆ ನುಂಗುತ್ತಾಳೆ.

"ಇನ್ನ ಒಂದ್ ತಾಸು ಚಾ ಮುಟ್ಟಬ್ಯಾಡವಾ," ಎನ್ನುತ್ತಾರೆ ಆದಮ್ಮ.

"ಆಕಿ ಮುಟ್ಟಂಗಿಲ್ಲ ಬಿಡ, ಚಟ ನಿನಗೈತಿ," ವೀರಭದ್ರಮ್ಮ ನಗುತ್ತಾರೆ. "ಕಾಸ್ಲೇನು?"

"ಆಕಿ ಮುಂದ ಕುಡದ್ರ ಪಾಪ ಬರತೈತ್ರೀ ಅಮ್ಮಾರ."

ಆದಮ್ಮನಿಗೆ ನಲವತ್ತೇಳು. ಮೊದಲು ಭತ್ತದ ನಾಟಿಗೆ ಹೋಗುತ್ತಿದ್ದರು. ಈಗ ಇನ್ನೂರಕ್ಕೂ ಹೆಚ್ಚು ಮನೆಗಳ ಉಸ್ತುವಾರಿ. ಅವುಗಳಲ್ಲಿ ಹನ್ನೊಂದು ಮಂದಿ ಹೆಂಗಸರು ಥೈರಾಯ್ಡ್ ಗುಳಿಗೆ ನುಂಗುವವರು. ಕುತ್ತಿಗೆಯ ಗ್ರಂಥಿ ನಿಧಾನವಾದರೆ ಇಡೀ ಮೈ ನಿಧಾನವಾಗುತ್ತದೆ: ಸುಸ್ತು, ಬಾವು, ಚಳಿ. "ಮೈಗಳ್ಳಿ ಅಂತ ಬೈತಾರ್ರೀ. ಬೈದ್ರ ಹೋಗಂಗಿಲ್ಲ, ರಕ್ತಾ ತೋರಸ್ರಿ ಅಂತೀನಿ."

ಆದರೆ ರಾಜಶ್ರೀ ವಿಷಯದಲ್ಲಿ ಎಡವಿದ್ದು ಸ್ವತಃ ಆದಮ್ಮ. ಆಗಲೇ ಥೈರಾಯ್ಡ್ ಗುಳಿಗೆ ನುಂಗುತ್ತಿದ್ದ ಅವಳಿಗೆ ನಾಲ್ಕನೇ ತಿಂಗಳಲ್ಲಿ ಕಬ್ಬಿಣಾಂಶದ ಗುಳಿಗೆ ಕೊಟ್ಟು, "ಮುಂಜಾನೆ ಮರಿಬ್ಯಾಡ" ಎಂದು ಹೇಳಿ ಹೋಗಿದ್ದರು. ಆ ಮನೆಯಲ್ಲಿ ಲಿಂಗಪೂಜೆಗೆ ಮೊದಲು ಹನಿ ನೀರೂ ಇಲ್ಲ. ಕಸಮುಸುರೆ ಮುಗಿದು ಪೂಜೆಯಾಗುವಾಗ ಒಂಬತ್ತು. ಹಸಿದ ಹುಡುಗಿ ದಿನಾ ಎರಡೂ ಗುಳಿಗೆಗಳನ್ನು ಒಟ್ಟಿಗೇ ಚಹಾದ ಜೊತೆ ನುಂಗತೊಡಗಿದಳು.

ತಿಂಗಳಾದ ಮೇಲೆ ಸಿಂಧನೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಅಂಶ ಏರಿಬಿಟ್ಟಿತ್ತು. ಹೀಗೇ ಬಿಟ್ಟರೆ ಕೂಸಿನ ಬೆಳವಣಿಗೆಗೆ ತೊಂದರೆ ಎಂದರು ಡಾಕ್ಟರು. "ಗುಳಿಗಿ ಹತ್ತವಲ್ದು, ಬಿಟ್ಟಬಿಡು," ಎಂದರು ಅತ್ತೆ. ಆದಮ್ಮ ರಾಜಶ್ರೀಯನ್ನು ಕೇಳಿದ್ದು ಒಂದೇ ಮಾತು: "ಎಷ್ಟೊತ್ತಿಗಿ ನುಂಗ್ತಿ, ಯಾತರ ಜೋಡಿ?"

ಉತ್ತರ ಕೇಳಿದ್ದೇ ಡಾಕ್ಟರಿಗೆ ಹೇಳಿದರು: "ತಪ್ಪು ನಂದ್ರೀ ಸರ. ವ್ಯಾಳ್ಯಾ ಬಿಡಿಸಿ ಹೇಳ್ಲಿಲ್ಲ."

ಚಹಾ, ಕಬ್ಬಿಣಾಂಶ ಎರಡೂ ಥೈರಾಯ್ಡ್ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣಾಂಶಕ್ಕೆ ನಾಲ್ಕು ತಾಸಿನ ಅಂತರ ಬೇಕು. ಗುಳಿಗೆ ಬಿಡುವಂತಿಲ್ಲ, ವೇಳೆ ಬದಲಿಸಿ, ನಾಲ್ಕು ವಾರಕ್ಕೆ ಮತ್ತೆ ಬನ್ನಿ ಎಂದರು ಡಾಕ್ಟರು. ಪೂಜೆ ಬಿಡಿಸುವ ಮಾತನ್ನು ಆದಮ್ಮ ಎತ್ತಲೇ ಇಲ್ಲ. "ಐದೂವರಿಗೆ ಪೂಜಾ ಮಾಡಿದ್ರ ನಡಿತೈತೇನ್ರೀ ಅಮ್ಮಾರ?" ಎಂದು ಕೇಳಿದರು. ವೀರಭದ್ರಮ್ಮ ಸೊಸೆಯ ಮುಖ ನೋಡಿದರು. "ಮಾಡ್ಲಿ. ಕಸಾ ನಾ ಹೊಡಿತೀನಿ." ಕಬ್ಬಿಣಾಂಶದ ಗುಳಿಗೆ ರಾತ್ರಿ ಊಟದ ನಂತರಕ್ಕೆ ಹೋಯಿತು.

ಕಳೆದ ವಾರದ ವರದಿ ಸರಿ ಬಂದಿದೆ. ಈಗ ಹನ್ನೊಂದೂ ಮನೆಗಳಲ್ಲಿ ಆದಮ್ಮ ಗುಳಿಗೆಯ ಹೆಸರಿಗಿಂತ ಮೊದಲು ನುಂಗುವ ಗಂಟೆ ಕೇಳುತ್ತಾರೆ.

"ತಪ್ಪು ನಂದು ಅನ್ನೂದು ಸರಳ ಇರ್ಲಿಲ್ರೀ," ಎನ್ನುತ್ತಾರೆ. "ಅಂದಿರಲಿಲ್ಲಂದ್ರ ಆ ಕೂಸಿನ ಮುಖಾ ಹೆಂಗ ನೋಡ್ತಿದ್ದೆ? ಈಗ ಹೆರಿಗಿಗೆ ನಾನೇ ಕರಕೊಂಡು ಹೋಗ್ತೀನಿ. ಮೊದಲ ನಾನೇ ಎತಗೋತೀನಿ."