ಗಣಿಯೂರಿನಿಂದ ತುಂಬಿ ಬಂದ ಬಸ್ಸು

ಜನ ಇರುವ ತನಕ ಯಾವ ಊರೂ ಸತ್ತಿಲ್ಲ ಎಂಬುದು ನನ್ನ ಪಕ್ಷ. ಬಸ್ಸಿಗೆ ಗಿರಾಕಿ ಇಲ್ಲದ ಊರು ಸತ್ತಂತೆಯೇ ಎಂಬುದು ನನ್ನ ಸೋದರಮಾವನದು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದು ರಜೆಗೆ ಶಿರಸಿಗೆ ಬಂದಿದ್ದ ನಾನು ಯಾರ ಜೊತೆಗಾದರೂ ವಾದಕ್ಕೆ ಬೀಳುತ್ತಿದ್ದ ಕಾಲ ಅದು. ಮಾವ ಒಂದು ಬಸ್ ಕಂಪನಿಯಲ್ಲಿ ಇನ್ಸ್‌ಪೆಕ್ಟರ್. ಯಲ್ಲಾಪುರದ ಕಾಡಿನೊಳಗೆ ಮ್ಯಾಂಗನೀಸ್ ಗಣಿ ಮುಚ್ಚಿದ ಊರೊಂದಿತ್ತು. ಅಲ್ಲಿಗೆ ಬಸ್ಸು ಇಡಬೇಕೋ ತೆಗೆಯಬೇಕೋ ನೋಡಿ ಬರಲು ಅವನನ್ನು ಕಳಿಸಿದ್ದರು. ‘ಬಾ ತಮಾ, ಕಣ್ಣಾರೆ ನೋಡು’ ಎಂದು ನನ್ನನ್ನೂ ಎಳೆದುಕೊಂಡು ಹೋದ.

ಬೆಳಿಗ್ಗೆ ಹೋಗುವಾಗ ಬಸ್ಸಿನಲ್ಲಿ ನಾವಿಬ್ಬರೇ. ನಡುದಾರಿಯಲ್ಲಿ ಯಾರೋ ಜೇನುತುಪ್ಪ ಹಿಡಿದು ನಿಂತಿದ್ದರು. ಮಾವ ಬಸ್ಸು ನಿಲ್ಲಿಸಿ ಚೌಕಾಶಿ ಮಾಡಿ ಕೊಂಡ.

ಊರು ಕಪ್ಪಾಗಿತ್ತು. ಅದಿರಿನ ಲಾರಿಗಳು ಹೋಗಿ ವರ್ಷಗಳಾಗಿದ್ದರೂ ರಸ್ತೆಯ ಧೂಳು, ಮನೆಗಳ ಗೋಡೆ, ನಾಯಿಗಳ ಹೊಟ್ಟೆ, ಎಲ್ಲಕ್ಕೂ ಅದೇ ಮಸಿ. ತಗಡಿನ ಶೆಡ್ಡುಗಳ ಸಾಲಿನಲ್ಲಿ ತೆರೆದಿದ್ದುದು ಒಂದು ಕ್ಷೌರದಂಗಡಿ, ಒಂದು ಹೋಟೆಲು. ಅದರಾಚೆ ಗಣಿಯ ಹೊಂಡ, ನೀರು ತುಂಬಿಕೊಂಡು ಎಮ್ಮೆಗಳಿಗೆ ಅನುಕೂಲವಾಗಿತ್ತು.

ಹೋಟೆಲಿನಾಕೆ ಬನವಾಸಿಯ ಆಚೆಯಿಂದ ಗಂಡನ ಜೊತೆ ಗಣಿ ಕೆಲಸಕ್ಕೆ ಬಂದವಳು. ‘ಬರ್ರಿ ಸಾಹೇಬ್ರ, ಕುಂದರ್ರಿ’ ಎಂದು ಬೆಂಚು ಒರೆಸಿದಳು. ನಾನು ಕಾಲೇಜು ಓದುವವನೆಂದು ಮಾವ ಹೇಳಿದ್ದಕ್ಕೆ, ‘ಭಾಳ ಸೊರಗ್ಯಾನಲ್ರಿ ಹುಡುಗ. ಕಾಲೇಜಿನ್ಯಾಗ ಕೂಳು ಹಾಕೂದಿಲ್ಲೇನು?’

‘ಹಾಕ್ತಾರೆ. ಇವನು ಮಾತಾಡಿಯೇ ಕರಗಿಸ್ತಾನೆ’ ಎಂದ ಮಾವ.

ಅವಳು ನಕ್ಕಳು. ಒಳಗಿನಿಂದ ಕೆಮ್ಮು ಕೇಳಿತು. ಗಣಿಯ ಧೂಳು ಕುಡಿದ ಗಂಡ ಮೂಲೆಯಲ್ಲಿ ಗೋಡೆಗೊರಗಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ‘ವಾರಕ್ಕೊಮ್ಮೆ ಯಲ್ಲಾಪುರದ ದವಾಖಾನಿಗೆ ಒಯ್ದು ಸೂಜಿ ಹಾಕಸ್ತೀನ್ರಿ. ಈ ಬಸ್ಸು ಐತಿ ಅಂತ ಇವರು ಅದಾರ. ನೀವಽ ನೋಡ್ರಿ, ನಮ್ಮೂರಿನ ಬಸ್ಸು ಯಾವಾಗ್ಲೂ ತುಂಬಿ ತುಳಕತೈತಿ.’

ಖಾಲಿ ಬಸ್ಸಿನಿಂದ ಇಳಿದವರ ಮುಂದೆ ಇಂಥ ಮಾತು! ಖಂಡಿಸಲು ನನ್ನ ನಾಲಿಗೆ ತುರಿಸಿತು. ಮಾವ ಎರಡನೇ ಸಲ ಚಹಾ ಹಾಕಿಸಿಕೊಂಡ.

ಮಧ್ಯಾಹ್ನ ಬಸ್ಸು ಹೊರಡುವಾಗ ಅದು ನಿಜಕ್ಕೂ ತುಂಬಿತ್ತು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು. ಒಬ್ಬ ಮುದುಕ ದೊಡ್ಡ ಟ್ರಂಕನ್ನು ಕಿರುಬೆರಳಿನಲ್ಲಿ ಎತ್ತಿ ಒಳಗಿಟ್ಟ. ಕ್ಷೌರಿಕ ಅಂಗಡಿಗೆ ಬೀಗ ಜಡಿದು ಬಂದ. ಹೋಟೆಲಿನಾಕೆ ಒಲೆಯ ಮೇಲೆ ಗಂಜಿ ಇಟ್ಟು, ‘ಈಗ ಬಂದ್ನಿ’ ಎಂದು ಒಳಗೆ ಕೂಗಿ ಹತ್ತಿದಳು. ಎಲ್ಲರೂ ಯಲ್ಲಾಪುರಕ್ಕೇ ಟಿಕೆಟ್ ತೆಗೆದರು. ಯಲ್ಲಾಪುರಕ್ಕೆ ಹೋಗುವವಳು ‘ಈಗ ಬಂದ್ನಿ’ ಎನ್ನುವುದುಂಟೇ? ಇನ್ಸ್‌ಪೆಕ್ಟರಿಗೆ ತುಂಬಿದ ಬಸ್ಸು ತೋರಿಸಿ, ಕಾಡುದಾರಿ ಅರಬೈಲ್ ಕಡೆಯ ಡಾಂಬರು ರಸ್ತೆಗೆ ಸೇರುವ ಕ್ರಾಸಿನಲ್ಲಿ ಇಳಿದು, ನಡೆದು ವಾಪಸಾಗುವುದು ಅವರ ಹಂಚಿಕೆ.

ಕ್ರಾಸು ಹತ್ತಿರ ಬಂದಂತೆ ಮುದುಕ ಟ್ರಂಕಿನ ಹಿಡಿ ಹಿಡಿದುಕೊಂಡ. ಕಂಡಕ್ಟರ್ ಗಂಟೆಯ ಹಗ್ಗಕ್ಕೆ ಕೈ ಹಾಕುವ ಮೊದಲೇ ಮಾವ ಅದನ್ನು ಹಿಡಿದ.

‘ಎಲ್ಲಿ ಇಳೀತೀರಿ? ಟಿಕೆಟ್ ಯಲ್ಲಾಪುರದ್ದು. ಕಂಪನಿಗೆ ಮೋಸ ಆಗಬಾರದು, ನಿಮಗೂ ಮೋಸ ಆಗಬಾರದು.’

ಹೋಟೆಲಿನಾಕೆ ಎದ್ದು ನಿಂತಳು. ‘ಯಪ್ಪಾ, ಒಲಿ ಮ್ಯಾಲ ಗಂಜಿ ಐತ್ರಿ. ಅವರಿಗೆ ಎದ್ದು ಇಳಿಸಾಕ ಆಗೂದಿಲ್ಲ.’

‘ಅದನ್ನು ಹತ್ತುವಾಗ ಹೇಳಬೇಕಿತ್ತು.’

ನಾನು ಎದ್ದೆ. ‘ಮಾವ, ಟಿಕೆಟ್ಟು ಅಂದ್ರೆ ಹಕ್ಕು, ಶಿಕ್ಷೆ ಅಲ್ಲ. ನಡುವೆ ಇಳಿದ್ರೆ ಕಂಪನಿಗೆ ಲಾಭವೇ ಅಲ್ದ?’

‘ಸ್ಟಾಪ್ ಇಲ್ಲದ ಕಡೆ ನಿಲ್ಸಲೆ ಬತ್ತಿಲ್ಲೆ.’

‘ಬೆಳಿಗ್ಗೆ ಜೇನಿಗೆ ನಿಲ್ಸಿದ್ದು ಯಾವ ಸ್ಟಾಪು?’

ಹಿಂದಿನ ಸೀಟಿನಲ್ಲಿ ಕ್ಷೌರಿಕ ಕಿಸಕ್ಕೆಂದು ನಕ್ಕ. ಮಾವನೂ ನಕ್ಕ. ‘ತಮಾ, ನೀ ಗೆದ್ದೆ’ ಎಂದು ಹಗ್ಗವನ್ನು ಎರಡು ಸಲ ಎಳೆದ. ಎರಡು ಗಂಟೆಯೆಂದರೆ ಮುಂದೆ ಹೋಗು ಎಂದರ್ಥ. ಕ್ರಾಸು ಹಿಂದಕ್ಕೆ ಸರಿಯಿತು. ತೀರ್ಪುಗಾರರಿಲ್ಲದ ಸಭೆಯಲ್ಲಿ ನನ್ನಷ್ಟು ನಿರುಪಯೋಗಿ ಪ್ರಾಣಿ ಬೇರೊಂದಿಲ್ಲವೆಂದು ಅಂದು ಗೊತ್ತಾಯಿತು. ಅವಳು ಕೂರಲಿಲ್ಲ, ಅಳಲೂ ಇಲ್ಲ. ಯಲ್ಲಾಪುರದ ತನಕ ಕಂಬಿ ಹಿಡಿದು ನಿಂತೇ ಇದ್ದಳು.

ಆ ಊರಿಗೆ ಮತ್ತೆ ಬಸ್ಸಿದ್ದುದು ಮರುದಿನ ಬೆಳಿಗ್ಗೆ. ಗಣಿ ಮುಚ್ಚಿದ ಮೇಲೆ ಲಾರಿಗಳೂ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳು ಮಾವನ ಎದುರು ಬಂದಳು.

‘ಆತ್ರಿ, ತಪ್ಪಾತು. ಬಸ್ಸು ಬಿಡ್ತೀರೋ ಇಲ್ಲೋ, ಅಷ್ಟು ಹೇಳಿಬಿಡ್ರಿ.’

‘ಆರ್ಡರ್ ಬರ್ತದೆ’ ಎಂದ ಮಾವ. ಅವಳು ತಿರುಗಿ ಊರಿನ ದಾರಿ ಹಿಡಿದು ನಡೆದಳು. ಉಳಿದವರು ಹಬ್ಬದ ಬಟ್ಟೆಯಲ್ಲಿ ಅವಳ ಹಿಂದೆ ಸಾಲಾಗಿ ಹೊರಟರು. ಮುದುಕ ಖಾಲಿ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡಿದ್ದ.

‘ಆರ್ಡರ್ ಏನು ಅಂತ ಗೊತ್ತಿದ್ದ?’ ಎಂದು ಮಾವನನ್ನು ಕೇಳಿದೆ.

‘ಹೋದ ವಾರವೇ ಆರ್ಡರ್ ಆಜು. ಬಸ್ಸು ಬಂದ್.’

‘ಹಂಗಾರೆ ನಾವು ಹೋಗಿದ್ದು ಎಂತಕ್ಕೆ?’

‘ನೋಡಿ ಬಂದೆ ಅಂತ ಬರೀಲೆ.’ ಮಾವ ಜೇನಿನ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ನಂತರ ರಸ್ತೆಯ ತಿರುವಿನಲ್ಲಿ ಮರೆಯಾಗುತ್ತಿದ್ದ ಸಾಲಿನತ್ತ ಗಲ್ಲ ಎತ್ತಿ ತೋರಿಸಿದ. ‘ಕಂಡ್ಯ ತಮಾ? ಕಾಲಲ್ಲೇ ಚಲೋ ನಡೀತ. ಇವಕ್ಕೆ ಬಸ್ಸು ಎಂತಕ್ಕೆ?’

ಮುಂದಿನ ರಜೆಯಲ್ಲಿ ಅದೇ ಕಂಡಕ್ಟರ್ ಶಿರಸಿಯಲ್ಲಿ ಸಿಕ್ಕ. ಬಸ್ಸು ನಿಂತ ಮೇಲೆ ಹೋಟೆಲಿನಾಕೆಯ ಗಂಡನನ್ನು ಊರವರು ಕಂಬಳಿಯಲ್ಲಿ ಕಟ್ಟಿ ದವಾಖಾನೆಗೆಂದು ಹೊತ್ತು ಹೊರಟಿದ್ದರಂತೆ. ಕ್ರಾಸಿನ ತನಕ ಬಂದು, ಒಮ್ಮೆ ಇಳಿಸಿ ಬಿಚ್ಚಿ ನೋಡಿ, ಅಲ್ಲಿಂದಲೇ ವಾಪಸು ಹೊತ್ತುಕೊಂಡು ಹೋದರಂತೆ.