ಟೋಪಿಗೆಂದು ತಿರುಗಿ ಬಂದ ಅತಿಥಿ

ಒಂದು ದೇಶಕ್ಕೆ ಬಂದಿಳಿದು ಅಂಗಾಲಿನ ಧೂಳು ಉದುರುವ ಮೊದಲೇ ಆ ದೇಶದ ಬಗ್ಗೆ ಭಾಷಣ ಮಾಡಲು ಎದ್ದು ನಿಲ್ಲುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಉರಿ ಹತ್ತಿದ್ದು ಮಿರಜೆಯಲ್ಲಿ, ನಾನು ಕಾಲೇಜು ಓದುತ್ತಿದ್ದಾಗ. ಆಗ ಮಿರಜೆಗೆ ಬೇರೆ ರಾಜ, ಸಾಂಗ್ಲಿಗೆ ಬೇರೆ ರಾಜ. ನಾನು ಮನೆಯಿಂದ ಸೈಕಲ್ ತುಳಿದುಕೊಂಡು ಸಾಂಗ್ಲಿಯ ವಿಶ್ರಾಮಬಾಗದ ಕಡೆ ಓದಲು ಹೋಗಿಬರುತ್ತಿದ್ದೆ. ದಿನಾ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋದರೂ ನಮಗ್ಯಾರಿಗೂ ಅದು ಪ್ರವಾಸ ಅನಿಸಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಇಂಗ್ಲಂಡಿನಿಂದ ಒಬ್ಬ ವಿದ್ಯಾರ್ಥಿ ಬಂದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಹುಟ್ಟಿದ ದೇಶ ಬಿಟ್ಟು ಹೊರಟಿದ್ದು ಅದೇ ಮೊದಲ ಸಲ. ನಮ್ಮೂರಿನ ನಿವೃತ್ತ ಮಾಮಲೇದಾರರ, ಎಂದರೆ ತಹಸೀಲ್ದಾರರ, ಬಂಗಲೆಯಲ್ಲಿ ಇಳಿದುಕೊಂಡಿದ್ದ. ಮಾಮಲೇದಾರರಿಗೆ ಮೊಣಕಾಲು ನೋವು, ನನಗೆ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು, ಹೀಗಾಗಿ ಅವನನ್ನು ಊರು ಸುತ್ತಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮನುಷ್ಯ ಕೆಟ್ಟವನಲ್ಲ, ಅದನ್ನು ಹೇಳಲೇಬೇಕು. ಆದರೆ ಅವನಿಗೆ ಎಲ್ಲವೂ ಕಂಡ ಕೂಡಲೇ ಅರ್ಥವಾಗಿಬಿಡುತ್ತಿತ್ತು. ಸಿತಾರು ಮಾಡುವವರ ಓಣಿಯಲ್ಲಿ ದೊಡ್ಡ ದೊಡ್ಡ ಸೋರೆಬುರುಡೆಗಳನ್ನು ಬಿಸಿಲಿಗೆ ಇಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ, ಈ ಊರಿನವರು ಬರಗಾಲಕ್ಕೆಂದು ತರಕಾರಿ ಒಣಗಿಸಿ ಇಡುತ್ತಾರೆ ಎಂದು ತೀರ್ಪು ಕೊಟ್ಟ. ಒಳಗೆ ಕರೆದುಕೊಂಡು ಹೋಗಿ, ಅದೇ ಬುರುಡೆಗೆ ತಂತಿ ಬಿಗಿದು ನುಡಿಸುವುದನ್ನು ತೋರಿಸಿದ ಮೇಲೆ ನಕ್ಕು ಕ್ಷಮೆ ಕೇಳಿದ. ಆಗ ತಿದ್ದಲು ಪಕ್ಕದಲ್ಲಿ ನಾನಿದ್ದೆ.

ಅವನ ವಿಷಯ ಕೇಳಿದಾಗಿನಿಂದ ಅವ್ವನಿಗೆ ಒಂದೇ ಧ್ಯಾನ.

“ಅಷ್ಟ ದೂರದಿಂದ ಬಂದ ಹುಡುಗ. ಅವರವ್ವ ಅಲ್ಲೆ ಎಷ್ಟ ಕಾಳಜಿ ಮಾಡ್ತಿರತಾಳೋ ಏನೋ. ಒಂದ ದಿನ ಊಟಕ್ಕ ಕರಕೊಂಡ ಬಾ,” ಅಂದಳು.

ಅಜ್ಜಿಗೆ ಇದು ಸೇರಲಿಲ್ಲ. “ಕರೀಯವಾ, ಬ್ಯಾಡ ಅನ್ನೂದಿಲ್ಲ. ಖರೆ, ಪಡಸಾಲ್ಯಾಗ ಬಡಸು. ಒಳಗ ಬ್ಯಾಡ.”

“ಮನಿಗೆ ಕರದು ಹೊರಗ ಕುಂದ್ರಸೂದು ಹ್ಯಾಂಗ್ರಿ, ಅತ್ತಿ? ಎಲ್ಲಾರ ಜೋಡಿ ಪಂಗತಿಯೊಳಗ ಕುಂದರಸತೇನಿ,” ಅಂದಳು ಅವ್ವ. ಅತ್ತೆಗೆ ಎದುರು ಮಾತಾಡದವಳು ಅವತ್ತು ಆಡಿದಳು. ಅಪ್ಪ ಪಂಚಾಂಗದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದರು.

ಹಾಗೆ ಅವನು ನಮ್ಮ ಸಾಲಿನ ತುದಿಯಲ್ಲಿ, ನನ್ನ ಪಕ್ಕದಲ್ಲಿ ಕೂತು ಉಂಡ. ಚಕ್ಕಳಮಕ್ಕಳ ಹಾಕಲು ಕಾಲು ಬಗ್ಗದು ಎಂದು ಅವ್ವ ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟಳು. ಎಣಗಾಯಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದಾಗ ಹೋಳಿಗೆಯ ಮೇಲೆ ಮತ್ತಷ್ಟು ತುಪ್ಪ ಸುರಿದಳು. ಉಂಡಾದ ಮೇಲೆ ಅವನನ್ನು ಬಂಗಲೆಗೆ ಬಿಡಲು ಹೊರಟು ಓಣಿಯ ತಿರುವಿನ ತನಕ ಹೋಗಿದ್ದೆವು. ಟೋಪಿ ಮರೆತೆ ಎಂದು ಅವನೊಬ್ಬನೇ ಹಿಂದಕ್ಕೆ ಓಡಿದ. ಟೋಪಿ ಹಿಡಿದು ಬಂದವನು ಬಂಗಲೆ ಮುಟ್ಟುವ ತನಕ ಪಿಟಕ್ಕೆನ್ನಲಿಲ್ಲ. ಹೋಳಿಗೆ ಭಾರವಾಗಿರಬೇಕು ಅಂದುಕೊಂಡೆ.

ಅವ್ವ ಆ ಊಟಕ್ಕೆ ದಂಡ ತೆತ್ತಳು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರನ್ನೆಲ್ಲ ಕರೆದ, ನಾವು ಮಾವಶಿ ಎನ್ನುತ್ತಿದ್ದ ಪಕ್ಕದ ಮನೆಯಾಕೆ ನಮ್ಮ ಬಾಗಿಲು ಮಾತ್ರ ದಾಟಿ ಹೋದರು. ಪರದೇಶದವನನ್ನು ಅಡುಗೆಮನೆಯ ತನಕ ಬಿಟ್ಟುಕೊಂಡವಳು ಎಂದು ಮಾತು ಹಬ್ಬಿತು. ಅವ್ವನ ಹಿಂದೆ ಮುಂದೆ ಓಡಾಡಿಕೊಂಡಿದ್ದ ಹೆಂಗಸರೇ ಬಾವಿಕಟ್ಟೆಯ ಹತ್ತಿರ ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಅವ್ವ ಸೊರಗಿದಳು.

ಅಷ್ಟರಲ್ಲಿ ಊರಿನ ವಾಚನಾಲಯದಲ್ಲಿ ಅತಿಥಿಯ ಭಾಷಣ ನಿಗದಿಯಾಯಿತು. ಅಪರಿಚಿತ ದೇಶದಲ್ಲಿ ನನ್ನ ಮೊದಲ ಅನುಭವಗಳು ಎಂಬುದು ವಿಷಯ. ಮಾಮಲೇದಾರರೇ ಅಧ್ಯಕ್ಷರು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಒಂದೊಂದೇ ಮಾತಾಗಿ ಊರಿನ ಭಾಷೆಯಾದ ಮರಾಠಿಗೆ ತಿರುಗಿಸಬೇಕು. ಅವ್ವ ಇಳಕಲ್ಲ ಸೀರೆ ಉಟ್ಟು ಹೊರಟಾಗ ನನಗೆ ಅವಳ ಆಸೆ ತಿಳಿಯಿತು. ಆ ಮನೆಯಲ್ಲಿ ನನ್ನನ್ನು ಮಗನ ಹಾಗೆ ನೋಡಿಕೊಂಡರು ಎಂದು ಅವನು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದರೆ, ಓಣಿಯ ಬಾಯಿ ಮುಚ್ಚೀತು.

ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಪಕ್ಕದಲ್ಲಿ ಜಮಖಾನೆ. ಅತಿಥಿ ರೈಲಿನ ಗದ್ದಲ, ಎತ್ತಿನ ಗಾಡಿ, ಬೆಳಗಿನಿಂದ ಸಂಜೆಯೊಳಗೆ ಎರಡೆರಡು ರಾಜ್ಯ ದಾಟಿದ ತಮಾಷೆ, ಎಲ್ಲ ಹೇಳಿ ನಗಿಸಿದ. ಆಮೇಲೆ, “ನನ್ನನ್ನು ಒಂದು ಮನೆಗೆ ಊಟಕ್ಕೆ ಕರೆದರು,” ಅಂದ. ನಾನು ತಿರುಗಿಸಿದೆ. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

“ನಗುನಗುತ್ತ ಬಡಿಸಿದರು. ಆದರೆ ಮರೆತ ಟೋಪಿಗೆಂದು ತಿರುಗಿ ಹೋದಾಗ ಕಂಡದ್ದೇ ಬೇರೆ. ಆ ಮನೆಯ ತಾಯಿ ನಾನು ಕೂತಿದ್ದ ಜಾಗವನ್ನು ಸಗಣಿಯಿಂದ ಬಳಿಯುತ್ತಿದ್ದರು. ನನ್ನ ಮೈಲಿಗೆಯನ್ನು ತೊಳೆಯುತ್ತಿದ್ದರು. ಈ ದೇಶದಲ್ಲಿ ಅತಿಥಿ ಹಿಂತಿರುಗಿ ನೋಡಬಾರದು.”

ನನ್ನ ಕಿವಿ ಕಾದವು. ಉಂಡ ಜಾಗಕ್ಕೆ ಗೋಮಯ ಬಳಿಯುವುದು ದಿನಾ ಊಟವಾದ ಮೇಲೆ ಮನೆಮನೆಯಲ್ಲೂ ನಡೆಯುವ ಕೆಲಸ. ಉಂಡವನು ಪರದೇಶದವನಿರಲಿ, ಮನೆಯ ಯಜಮಾನನೇ ಇರಲಿ. ಅವತ್ತು ಅವ್ವ ಇಡೀ ಸಾಲನ್ನು ಬಳಿದಿರುತ್ತಾಳೆ, ತುದಿಯಿಂದ ಶುರು ಮಾಡಿರುತ್ತಾಳೆ, ಅಷ್ಟೇ. ಇವನಿಗೆ ಗೊತ್ತಿಲ್ಲ, ಸರಿ. ನನ್ನನ್ನು ಕೇಳಲು ನಾಲಿಗೆ ಇರಲಿಲ್ಲವೇ? ಇವನಿಗಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಮುಂದಿನ ಸಾಲು. ಇಂಗ್ಲಿಷ್ ಬಲ್ಲ ವಕೀಲರು, ಡಾಕ್ಟರು, ಅಧ್ಯಕ್ಷರು ಎಲ್ಲರೂ ಛೆ ಛೆ ಎಂದು ತಲೆ ಅಲ್ಲಾಡಿಸಿದರು. ನಂತರ ಚಪ್ಪಾಳೆ ತಟ್ಟಿದರು!

“ಇದು ಹಾಗಲ್ಲ,” ಎಂದು ನಾನು ಇಂಗ್ಲಿಷಿನಲ್ಲೇ ಶುರು ಮಾಡಿದೆ.

ಅಧ್ಯಕ್ಷರು ತಡೆದರು. “ನೀನು ಭಾಷಾಂತರಕ್ಕೆ ನಿಂತವನು, ವಕೀಲಿಕೆಗಲ್ಲ. ಮುಂದುವರಿಸು.”

ಅತಿಥಿ ಆಡಿದ ಮಾತನ್ನು ನುಂಗಿ ಬೇರೇನಾದರೂ ಹೇಳಿಬಿಡಬಹುದಿತ್ತು, ಅವ್ವನಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಆ ಸುಳ್ಳು ಇಂಗ್ಲಿಷ್ ಬಲ್ಲವರ ನಡುವೆ ಹಾಗೇ ಉಳಿದುಬಿಡುತ್ತಿತ್ತು, ಅವ್ವ ಅದಕ್ಕೆ ಎಂದೂ ಉತ್ತರ ಕೊಡಲಾರಳು. ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ.

ಜಮಖಾನೆಯ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಯಾರೋ ಕಿಸಕ್ಕೆಂದರು. ನೋಡನೋಡುತ್ತ ಹೆಂಗಸರ ಸಾಲಿಗೆ ಸಾಲೇ ಸೆರಗು ಬಾಯಿಗೊತ್ತಿಕೊಂಡು ನಕ್ಕಿತು. ಅತಿಥಿ ಗಾಬರಿಯಾಗಿ ಯಾಕೆಂದು ಕೇಳಿದ. ನಾನು ಹೇಳಿದೆ: ಇವರೆಲ್ಲ ತಮ್ಮ ಗಂಡಂದಿರು ಉಂಡ ಜಾಗವನ್ನೂ ಹಾಗೇ ಬಳಿಯುತ್ತಾರೆ, ಅದಕ್ಕೆ. ಅವನ ಮುಖ ಕೆಂಪಾಯಿತು. ನಿಜವೇ ಎನ್ನುವಂತೆ ಅಧ್ಯಕ್ಷರ ಕಡೆ ನೋಡಿದ.

“ತಮ್ಮ ಮನೆಯಲ್ಲಿ ಏನು ಪದ್ಧತಿ ಅಂತ ಹೇಳಬೇಕು, ಸಾಹೇಬರೇ,” ಎಂದು ಅಧ್ಯಕ್ಷರನ್ನೇ ಮರಾಠಿಯಲ್ಲಿ ಕೇಳಿದೆ.

“ನನಗೇನು ಗೊತ್ತು? ಉಂಡೆ, ಕೈತೊಳೆದೆ, ಎದ್ದೆ. ಆಮೇಲಿಂದು ನಾನು ನೋಡುವುದಿಲ್ಲ,” ಅಂದರು ಅವರು.

“ರೋಜ ಕರತೇ ಮೀ! ದೋನ್ಹೀ ವೇಳಾ!” ಎಂದು ಜಮಖಾನೆಯಿಂದ ಅವರ ಹೆಂಡತಿಯ ದನಿ ಬಂತು. ದಿನಾ ಎರಡೂ ಹೊತ್ತು ನಾನೇ ಬಳಿಯುತ್ತೇನೆ ಎಂದು. ಸಭೆ ಬಿದ್ದು ಬಿದ್ದು ನಕ್ಕಿತು.

ಅತಿಥಿ ಎದ್ದು, ತನ್ನ ತಿಳಿವಳಿಕೆ ತಪ್ಪಿತ್ತು, ಆ ತಾಯಿಯ ಕ್ಷಮೆ ಕೇಳುತ್ತೇನೆ ಅಂದ. ಮುಂದಿನ ಸಾಲು ಅದಕ್ಕೂ ಚಪ್ಪಾಳೆ ತಟ್ಟಿತು. ಎಂಥ ದೊಡ್ಡ ಮನಸ್ಸು ಎಂದು ವಕೀಲರು ಕೊಂಡಾಡಿದರು. ಬೈದಾಗಲೂ ಚಪ್ಪಾಳೆ, ಬೈಗುಳ ಹಿಂದಕ್ಕೆ ತೆಗೆದುಕೊಂಡಾಗಲೂ ಚಪ್ಪಾಳೆ. ಇವರ ಕೈಗೆ ಬೇರೆ ಕೆಲಸವೇ ಇರಲಿಲ್ಲವೇನೋ.

ಹೊರಬಾಗಿಲಲ್ಲಿ ಮಾಮಲೇದಾರರ ಹೆಂಡತಿ ಎಲ್ಲರೆದುರು ಅವ್ವನ ಹಣೆಗೆ ಕುಂಕುಮ ಹಚ್ಚಿದರು. ಅದನ್ನು ನೋಡಿ ಮಾವಶಿ ಸಹ ಹತ್ತಿರ ಬಂದು, ಬರುವ ಶುಕ್ರವಾರ ಮನೆಗೆ ಬಾ ಎಂದರು. ಅವ್ವನಿಗೆ ಬೇಕಾದದ್ದು ಸಿಕ್ಕಿತ್ತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಅಪ್ಪ ಮುಂದೆ, ನಾವಿಬ್ಬರೂ ಹಿಂದೆ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನನ್ನು ಜರೆದೆ. ಅವಗ ನಮ್ಮ ರೀತಿ ರಿವಾಜ ಏನ ಗೊತ್ತವ್ವಾ, ನಿನ್ನ ಹಂಗ ಅನ್ನಾಕ ಅಂವ ಯಾರು, ಅಂದೆ.

ಅವ್ವ ನಿಂತಳು. ಅವಳ ದನಿಯಲ್ಲೂ ಸಿಟ್ಟಿತ್ತು, ಆದರೆ ಅದು ಅವನ ಮೇಲಿರಲಿಲ್ಲ.

“ಅಂವ ತಪ್ಪ ತಿಳಕೊಂಡ, ಖರೆ. ಟೋಪಿ ಸಲುವಾಗೇ ಇರಲಿ, ತಿರಗಿ ಬಂದ ನೋಡಿದ್ನಲ್ಲಾ. ಈ ಮನಿಗೆ ಬಂದಾಗಿಂದ ದಿನಾ ಎರಡ ಹೊತ್ತ ನಡಾ ಬಗ್ಗಿಸಿ ಬಳೀತೇನಿ. ನಾ ಬಳಿಯೂದನ್ನ ನಿಂತ ನೋಡಿದ ಗಂಡಸು ಅಂವ ಒಬ್ಬನ. ನಿಮ್ಮಪ್ಪ ಇವತ್ತಿಗೂ ನೋಡಿಲ್ಲ. ನೀ ಅಲ್ಲೆ ನಿಂತು ಅಷ್ಟ ಜಗಳಾಡಿದೆಲ್ಲಾ, ನೀ ನೋಡೀಯೇನ?”

ಉಂಡೆದ್ದು ನೀರು ಕುಡಿಯಲು ಒಳಗೆ ಹೋದರೆ ನೆಲ ಹಸಿಯಾಗಿರುತ್ತಿತ್ತು, ಕಾಲಿಗೆ ತಂಪು ಹತ್ತುತ್ತಿತ್ತು, ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಗ್ಗಿ ಬಳಿಯುವುದನ್ನು ಕಂಡ ನೆನಪನ್ನು ಮನೆ ಬರುವ ತನಕ ಹುಡುಕಿದೆ. ಒಂದೂ ಸಿಗಲಿಲ್ಲ.