ಕುರಿ ಹೊತ್ತು ತಂದ ಹಸಿರು

ಬೇಸಿಗೆಯ ಒಂದು ಸಂಜೆ ಅಮ್ಮ ನಮ್ಮ ಕುರಿಗಳನ್ನು ಪಕ್ಕದ ಪಳನಿಯಣ್ಣನ ಬೋಳು ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದಾಗ ನಾನು ಬೆರಗಾಗಿ ಬೇಲಿಯ ಬಳಿಯೇ ನಿಂತೆ.

“ಇಲ್ಲಿ ಮೇವೇ ಇಲ್ಲವಲ್ಲಕ್ಕಾ!” ಎಂದರು ಪಳನಿಯಣ್ಣ.

ನಮ್ಮ ಕಾಂಗೇಯದ ಕಡೆ ಮಳೆ ಕಡಿಮೆ, ನಾವೆಲ್ಲ ಬೇಲಿ ಕಟ್ಟಿ ಮೇವು ಕಾಯುವವರು. ಪಳನಿಯಣ್ಣ ಮಾತ್ರ ಇದ್ದಬದ್ದ ಗಿಡವನ್ನೆಲ್ಲ ಕಳೆಯೆಂದು ಕಿತ್ತು ಒಂದೇ ಜಾತಿಯ ಹುಲ್ಲು ಹಾಕಿದ್ದರು. ಮೊದಮೊದಲು ಅದು ಸೊಂಟದೆತ್ತರ ಬೆಳೆದು ನಮ್ಮ ಬೆರಕೆ ಹುಲ್ಲನ್ನು ನಾಚಿಸಿತು. ವರ್ಷ ಕಳೆದಂತೆ ತೆಳುವಾಗಿ, ಈ ಬೇಸಿಗೆಗೆ ಬರೀ ನೆಲ ಉಳಿಯಿತು. ನಮ್ಮಲ್ಲಿ ಒಂದು ಹುಲ್ಲು ಒಣಗಿದರೆ ಇನ್ನೊಂದು ಬಳ್ಳಿ ಚಿಗುರುತ್ತಿತ್ತು, ಅದೂ ಹೋದರೆ ಬಿಳಿಜಾಲಿಯ ಕಾಯಿ ಉದುರುತ್ತಿತ್ತು.

“ಮೇಯಕ್ಕಲ್ಲ ತಂಬಿ,” ಎಂದರು ಅಮ್ಮ ಅವರಿಗೆ. “ಹಗಲೆಲ್ಲ ನಮ್ಮ ಹುಲ್ಲುಗಾವಲಲ್ಲಿ ಮೇಯ್ದವೆ. ರಾತ್ರಿ ಇಲ್ಲೇ ಮಲಗಲಿ. ಹಿಕ್ಕೆಲಿ ಎಲ್ಲಾ ಬೀಜನೂ ಅದೆ.”

ಕುರಿಗೊಬ್ಬರವನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಆದರೂ ಅಮ್ಮ ಬೇಸಿಗೆ ಮುಗಿಯುವವರೆಗೂ ದಿನಾ ರಾತ್ರಿ ಅಲ್ಲೇ ಮಂದೆ ಕೂಡಿಹಾಕಿದರು.

ಮೊನ್ನೆ ಮಳೆಯಾದ ಮೇಲೆ ಬೇಲಿಯಾಚೆ ಇಣುಕಿದೆ. ಪಳನಿಯಣ್ಣ ಚಪ್ಪಲಿ ಕೈಯಲ್ಲಿ ಹಿಡಿದು, ಯಾವ ಮೊಳಕೆಯನ್ನೂ ತುಳಿಯದಂತೆ ಹೆಜ್ಜೆಯಿಡುತ್ತಿದ್ದರು. ಅಂದಿನಿಂದ ಯಾವ ಗಿಡವನ್ನೂ ಕಳೆ ಎನ್ನಲು ನನಗೂ ನಾಲಿಗೆ ಏಳುತ್ತಿಲ್ಲ.